ಸಿರೋಸಿಸ್ ರೋಗಿಗಳಿಗೆ ಫೈಬ್ರೋಸ್ಕ್ಯಾನ್: ಎಂಡೋಸ್ಕೋಪಿ ಬೇಕೇ ಬೇಡವೇ ಎಂಬುದನ್ನು ಅದು ಎಷ್ಟರಮಟ್ಟಿಗೆ ಹೇಳಬಲ್ಲದು

ನಮ್ಮ ತಂದೆಯವರಿಗೆ 2022ರ ಜುಲೈನಿಂದ 2024ರ ಸೆಪ್ಟೆಂಬರ್‌ವರೆಗೆ ನಾಲ್ಕು ಬಾರಿ ಫೈಬ್ರೋಸ್ಕ್ಯಾನ್, ಅಂದರೆ ಯಕೃತ್ತು (ಲಿವರ್) ಎಷ್ಟು ಗಡುಸಾಗಿದೆ ಎಂದು ಹೊರಗಿನಿಂದಲೇ ಅಳೆಯುವ ಪರೀಕ್ಷೆ ಮಾಡಿಸಿದ್ದೇವೆ. ಅವುಗಳಲ್ಲಿ ಮೂರು ನಿಜವಾಗಿಯೂ ಉಪಯೋಗಕ್ಕೆ ಬಂದವು. ಒಂದರ ವರದಿಯನ್ನು ವೈದ್ಯರು ನೋಡಿದ ಕೂಡಲೇ ಬದಿಗಿಟ್ಟರು. ಪರೀಕ್ಷೆಯೂ ಅದೇ, ರೋಗಿಯೂ ಅವರೇ ಆಗಿದ್ದು ಹೀಗೇಕಾಯಿತು ಎಂಬುದನ್ನು ಅರ್ಥಮಾಡಿಕೊಳ್ಳಲು ನನಗೆ ಬಹಳ ಸಮಯ ಹಿಡಿಯಿತು. ಈ ಪರೀಕ್ಷೆಗೆ ಹಣ ಕಟ್ಟುವ ಮೊದಲು ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಮನೆಯವರಿಗೆ ತಿಳಿದಿರಬೇಕು ಎಂಬ ಕಾರಣಕ್ಕೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ತಂದೆಯವರು ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು, ಈಗ ಅರವತ್ತೇಳು ವರ್ಷ. ಮದ್ಯವನ್ನು ಅವರು ಜೀವನದಲ್ಲಿ ಮುಟ್ಟಿದವರಲ್ಲ. ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ ಮತ್ತು ಯಕೃತ್ತಿನಲ್ಲಿ ಸೇರಿದ ಕೊಬ್ಬು ಎರಡೂ ಕೂಡಿ ಸಿರೋಸಿಸ್ ತಂದವು. ಲಿವರ್ ಕಾಯಿಲೆ ಎಂದೊಡನೆ ಕುಡಿತವೇ ಕಾರಣವೆಂದು ಭಾವಿಸುವ ಬಂಧುಗಳಿಗೆ ಉತ್ತರ ಕೊಡುವುದರಲ್ಲಿಯೇ ನಮ್ಮ ತಾಯಿಯವರಿಗೆ ಒಂದು ವರ್ಷ ಕಳೆದುಹೋಯಿತು. ಅದನ್ನು ಇಲ್ಲಿ ಹೇಳದೆ ಇರಲಾರೆ. ಪಿತ್ತಕೋಶದ ಕಲ್ಲಿಗಾಗಿ ಮಾಡಿಸಿದ ಹೊಟ್ಟೆಯ ಸ್ಕ್ಯಾನಿನಲ್ಲಿ ಯಕೃತ್ತಿನ ಮೇಲ್ಮೈ ಗಂಟುಗಂಟಾಗಿ ಕಂಡಿತು, ಗುಲ್ಮ (ಸ್ಪ್ಲೀನ್) ದೊಡ್ಡದಾಗಿತ್ತು. ಕಾಮಾಲೆ ಇರಲಿಲ್ಲ, ಹೊಟ್ಟೆಯಲ್ಲಿ ನೀರು ತುಂಬಿರಲಿಲ್ಲ, ಅವರು ದಿನವೂ ಗದ್ದೆಗೆ ಹೋಗಿ ಬರುತ್ತಿದ್ದರು.

ಮೈಸೂರಿನಲ್ಲಿ ನಾವು ಕಂಡ ಯಕೃತ್ ತಜ್ಞರು ಮೊದಲ ಭೇಟಿಯಲ್ಲಿಯೇ ಅನ್ನನಾಳದ ವಿಷಯ ಎತ್ತಿದರು. ಯಕೃತ್ತಿಗೂ ಅನ್ನನಾಳಕ್ಕೂ ಏನು ಸಂಬಂಧವೆಂದು ತಂದೆಯವರು ಕೇಳಿದಾಗ, ಅವರು ನಾಲೆಯ ಭಾಷೆಯಲ್ಲಿಯೇ ವಿವರಿಸಿದರು. ಕರುಳು ಮತ್ತು ಗುಲ್ಮದಿಂದ ಬರುವ ರಕ್ತವೆಲ್ಲ ಪೋರ್ಟಲ್ ಎಂಬ ಒಂದೇ ದೊಡ್ಡ ರಕ್ತನಾಳದ ಮೂಲಕ ಯಕೃತ್ತನ್ನು ಸೇರುತ್ತದೆ. ಸಿರೋಸಿಸ್‌ನಲ್ಲಿ ಯಕೃತ್ತು ಗಾಯದ ಕಲೆಗಳಿಂದ ಗಡುಸಾಗುವುದರಿಂದ, ಹೂಳು ತುಂಬಿದ ತೂಬಿನ ಮುಂದೆ ನೀರು ಏರುವಂತೆ ಆ ನಾಳದಲ್ಲಿ ಒತ್ತಡ ಏರುತ್ತದೆ. ಏರಿದ ರಕ್ತ ಬೇರೆ ದಾರಿ ಹುಡುಕಿ ಜಠರದ ಬಳಿಯ ಸಣ್ಣ ನಾಳಗಳಿಗೆ ನುಗ್ಗಿ, ಅನ್ನನಾಳದ ಕೆಳತುದಿಯ ತೆಳುವಾದ ಅಭಿಧಮನಿಗಳನ್ನು ಉಬ್ಬಿಸುತ್ತದೆ. ವೈದ್ಯರು ವೇರಿಸಸ್ ಎನ್ನುವ ಉಬ್ಬುನಾಳಗಳು ಇವೇ. ಯಕೃತ್ತಿನ ಆಚೀಚೆಯ ಒತ್ತಡದ ಅಂತರ ಸಾಮಾನ್ಯವಾಗಿ ಪಾದರಸದ 5 ಮಿಲಿಮೀಟರ್ ದಾಟುವುದಿಲ್ಲ. ಅದು 10 ಮುಟ್ಟಿದ ಮೇಲೆ ಉಬ್ಬುನಾಳಗಳು ಹುಟ್ಟುವ ಸಾಧ್ಯತೆ ಇರುತ್ತದೆ, 12 ದಾಟಿದರೆ ಅವು ಒಡೆದು ರಕ್ತ ಸುರಿಯುವ ಅಪಾಯವಿರುತ್ತದೆ. ಒಡೆದವರಲ್ಲಿ ಆರು ವಾರಗಳೊಳಗೆ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿ ತೀರಿಕೊಳ್ಳುತ್ತಾರೆಂಬುದನ್ನು ಕೇಳಿದ ಮೇಲೆ ನಾನು ಈ ವಿಷಯವನ್ನು ಲಘುವಾಗಿ ತೆಗೆದುಕೊಳ್ಳಲಿಲ್ಲ.

ಉಬ್ಬುನಾಳಗಳನ್ನು ಕಣ್ಣಾರೆ ನೋಡುವ ದಾರಿ ಎಂಡೋಸ್ಕೋಪಿ. ಬಾಯಿಯ ಮೂಲಕ ಕ್ಯಾಮೆರಾ ಇರುವ ನಳಿಕೆಯನ್ನು ಇಳಿಸಬೇಕು. ಹಿಂದೆ ಸಿರೋಸಿಸ್ ಎಂದು ಗೊತ್ತಾದ ಪ್ರತಿಯೊಬ್ಬರಿಗೂ ಇದನ್ನು ಮಾಡುತ್ತಿದ್ದರು. ಆದರೆ ಸಿರೋಸಿಸ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಉಬ್ಬುನಾಳಗಳಿರುತ್ತವೆ, ಆರಂಭದ ಹಂತದಲ್ಲಿರುವವರಲ್ಲಿ ಇನ್ನೂ ಕಡಿಮೆ. ಏನೂ ಇಲ್ಲದವರಿಗೂ ನಳಿಕೆ ಇಳಿಸುವುದನ್ನು ತಪ್ಪಿಸಲು ಇಟಲಿಯ ಬವೇನೋ ಎಂಬ ಊರಿನ ಹೆಸರಿನಲ್ಲಿ ನಡೆಯುವ ತಜ್ಞರ ಸಮಾವೇಶ 2015ರಲ್ಲಿ ಒಂದು ಸರಳ ಸೂತ್ರವನ್ನು ಒಪ್ಪಿಕೊಂಡಿತು. ಯಕೃತ್ತಿನ ಗಡುಸುತನ 20 ಕಿಲೋಪಾಸ್ಕಲ್‌ಗಿಂತ ಕಡಿಮೆಯಿದ್ದು, ಪ್ಲೇಟ್‌ಲೆಟ್ ಸಂಖ್ಯೆ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ, ಚಿಕಿತ್ಸೆ ಬೇಕಾಗುವಷ್ಟು ದೊಡ್ಡ ಉಬ್ಬುನಾಳಗಳಿರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಅಂಥವರು ಸದ್ಯಕ್ಕೆ ಎಂಡೋಸ್ಕೋಪಿಯನ್ನು ಬಿಡಬಹುದು, ಆದರೆ ಈ ಎರಡು ಅಂಕಿಗಳನ್ನು ಪ್ರತಿ ವರ್ಷ ನೋಡುತ್ತಿರಬೇಕು. ಒತ್ತಡ ಏರಿದಾಗ ಗುಲ್ಮ ಹಿಗ್ಗಿ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ರಕ್ತದಲ್ಲಿ ಅವುಗಳ ಸಂಖ್ಯೆ ಇಳಿಯುತ್ತದೆ. ಸಾಧಾರಣ ರಕ್ತಪರೀಕ್ಷೆಯ ಈ ಅಂಕಿ ಸೂತ್ರದಲ್ಲಿ ಸೇರಿರುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನು ಪರೀಕ್ಷೆಯ ವಿಷಯ. ಫೈಬ್ರೋಸ್ಕ್ಯಾನ್ ಯಂತ್ರವನ್ನು ತಯಾರಿಸುವುದು ಪ್ಯಾರಿಸಿನ ಎಕೋಸೆನ್ಸ್ ಕಂಪನಿ. ರೋಗಿ ಅಂಗಾತ ಮಲಗಿ ಬಲಗೈಯನ್ನು ತಲೆಯ ಹಿಂದೆ ಇಟ್ಟುಕೊಳ್ಳಬೇಕು. ಬಲಭಾಗದ ಪಕ್ಕೆಲುಬುಗಳ ನಡುವೆ ಜೆಲ್ ಹಚ್ಚಿ, ಪ್ರೋಬ್ ಎಂಬ ಕೈಸಾಧನವನ್ನು ಒತ್ತಿ ಹಿಡಿದು ಗುಂಡಿ ಒತ್ತಿದಾಗ ಬೆರಳಿನಿಂದ ಮೆಲ್ಲಗೆ ತಟ್ಟಿದಂತೆ ಅನ್ನಿಸುತ್ತದೆಯೇ ಹೊರತು ನೋವಿಲ್ಲ. ಆ ತಟ್ಟುವಿಕೆ ಯಕೃತ್ತಿನೊಳಗೆ ಒಂದು ಅಲೆಯನ್ನು ಕಳಿಸುತ್ತದೆ. ಅಲೆ ಎಷ್ಟು ವೇಗವಾಗಿ ಸಾಗಿತೆಂಬುದನ್ನು ಯಂತ್ರ ಅಲ್ಟ್ರಾಸೌಂಡಿನಿಂದ ಅಳೆಯುತ್ತದೆ. ಅಂಗ ಗಡುಸಾದಷ್ಟೂ ಅಲೆಯ ವೇಗ ಹೆಚ್ಚು. ಹೀಗೆ ಕನಿಷ್ಠ ಹತ್ತು ಸರಿಯಾದ ಅಳತೆಗಳನ್ನು ತೆಗೆದು, ಅವುಗಳ ನಡುವಿನ ಅಂಕಿಯನ್ನು ಕಿಲೋಪಾಸ್ಕಲ್‌ನಲ್ಲಿ ಕೊಡುತ್ತದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಅರಿವಳಿಕೆ ಬೇಡ, ಸೂಜಿ ಬೇಡ, ಎದ್ದು ಮನೆಗೆ ಹೋಗಬಹುದು. ಎಂಡೋಸ್ಕೋಪಿ ಎಂದರೆ ಹೆದರುತ್ತಿದ್ದ ತಂದೆಯವರು ಮೊದಲ ಬಾರಿ ಮುಗಿಸಿ ಹೊರಬಂದು, ಇಷ್ಟೇನಾ ಎಂದು ಎರಡು ಸಲ ಕೇಳಿದರು. ನೆಮ್ಮದಿಯ ದೃಷ್ಟಿಯಿಂದ ನೋಡಿದರೆ ಈ ಪರೀಕ್ಷೆಗೆ ಪೂರ್ಣ ಅಂಕ ಕೊಡುತ್ತೇನೆ.

2022ರ ಮೊದಲ ಪರೀಕ್ಷೆ ನಾವು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿಯೇ ನಡೆಯಿತು. ಹಿಂದಿನ ದಿನ ಫೋನ್ ಮಾಡಿ, ಪರೀಕ್ಷೆಗೆ ಮೂರು ಗಂಟೆ ಮುಂಚಿನಿಂದ ನೀರನ್ನು ಬಿಟ್ಟು ಏನನ್ನೂ ತೆಗೆದುಕೊಳ್ಳಬಾರದೆಂದು ತಿಳಿಸಿದ್ದರು. ತಂದೆಯವರ ಮೈ ಸ್ವಲ್ಪ ದಪ್ಪ. ಸಾಮಾನ್ಯ ಪ್ರೋಬಿನಿಂದ ಅಲೆ ಸರಿಯಾಗಿ ಸಿಗದಿದ್ದಾಗ, ಪರೀಕ್ಷೆ ಮಾಡುತ್ತಿದ್ದ ಹೆಣ್ಣುಮಗಳು ತಾಳ್ಮೆಯಿಂದ ದಪ್ಪ ಮೈಯವರಿಗೆಂದೇ ಇರುವ ಎಕ್ಸ್‌ಎಲ್ ಪ್ರೋಬನ್ನು ಜೋಡಿಸಿಕೊಂಡರು. ಬಂದ ಅಂಕಿ 17.8. ಅದರ ಕೆಳಗೆ ಐಕ್ಯೂಆರ್ ಎಂದು ಬರೆದು 14 ಶೇಕಡಾ ಎಂದಿತ್ತು. ಹತ್ತು ಅಳತೆಗಳು ಒಂದಕ್ಕೊಂದು ಎಷ್ಟು ಹತ್ತಿರವಾಗಿವೆ ಎಂಬುದನ್ನು ಆ ಶೇಕಡಾವಾರು ತಿಳಿಸುತ್ತದೆ. 30ಕ್ಕಿಂತ ಹೆಚ್ಚಿದ್ದರೆ ಮೇಲಿನ ಅಂಕಿಯನ್ನು ನಂಬುವಂತಿಲ್ಲ. ಪ್ಲೇಟ್‌ಲೆಟ್ 1,62,000 ಇತ್ತು. ಎರಡೂ ಅಂಕಿಗಳು ಸೂತ್ರದೊಳಗೆ ಬಂದವು, ಎಂಡೋಸ್ಕೋಪಿಯನ್ನು ವೈದ್ಯರು ಮುಂದಕ್ಕೆ ಹಾಕಿದರು. ಆದರೆ ಉಬ್ಬುನಾಳಗಳಿಲ್ಲವೆಂದು ಅವರು ಹೇಳಲಿಲ್ಲ. ಅಪಾಯಕಾರಿಯಾದವು ಇರುವ ಸಾಧ್ಯತೆ ಬಹಳ ಕಡಿಮೆ ಎಂದಷ್ಟೇ ಹೇಳಿದರು. ಆ ಎರಡು ಮಾತುಗಳ ನಡುವಿನ ಅಂತರ ಆ ದಿನ ನನಗೆ ಪೂರ್ತಿ ಹಿಡಿಸಿರಲಿಲ್ಲ.

ಎರಡನೆಯ ವರ್ಷ ನಾನು ತಪ್ಪು ಮಾಡಿದೆ. ಮೈಸೂರಿಗೆ ಹೋಗುವ ಅಲೆದಾಟವನ್ನು ಉಳಿಸೋಣವೆಂದು, ಹತ್ತಿರದ ಪಟ್ಟಣದ ಒಂದು ರೋಗನಿರ್ಣಯ ಕೇಂದ್ರದಲ್ಲಿ ರಿಯಾಯಿತಿ ದರದ ಶಿಬಿರವಿದ್ದಾಗ ತಂದೆಯವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಅವರು ನಾಲ್ಕು ಇಡ್ಲಿ ತಿಂದು ಕಾಫಿ ಕುಡಿದಿದ್ದರು. ಹೊಟ್ಟೆ ಖಾಲಿ ಇರಬೇಕೆಂಬುದು ನನಗೆ ನೆನಪಾಗಲಿಲ್ಲ, ಅಲ್ಲಿ ಯಾರೂ ಕೇಳಲೂ ಇಲ್ಲ. ಸಾಲು ಉದ್ದವಿತ್ತು, ಪ್ರತಿಯೊಬ್ಬರಿಗೂ ಮೂರ್ನಾಲ್ಕು ನಿಮಿಷವಷ್ಟೇ ಸಿಗುತ್ತಿತ್ತು, ಪ್ರೋಬ್ ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ವರದಿಯಲ್ಲಿ 27.4 ಎಂದು ಕೆಂಪು ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ತೀವ್ರ ಸಿರೋಸಿಸ್ ಎಂದು ಮುದ್ರಿಸಿದ್ದರು. ಐಕ್ಯೂಆರ್ ಕಾಣಲಿಲ್ಲ, ಕೇಳಿ ಪಡೆದಾಗ ಅದು 38 ಶೇಕಡಾ ಎಂದು ಗೊತ್ತಾಯಿತು. ಆ ಒಂದು ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ತಂದೆಯವರು ಜಮೀನಿನ ಪಾಲುಪತ್ರದ ಮಾತನ್ನೂ ಎತ್ತಿದರು.

ಮೈಸೂರಿನ ವೈದ್ಯರು ವರದಿಯನ್ನು ನೋಡಿ ಮೊದಲು ಕೇಳಿದ ಪ್ರಶ್ನೆ, ಬೆಳಿಗ್ಗೆ ಏನು ತಿಂದಿದ್ದಿರಿ ಎಂಬುದು. ಊಟವಾದ ಮೇಲೆ ಕರುಳಿನಿಂದ ಯಕೃತ್ತಿಗೆ ಹರಿಯುವ ರಕ್ತ ಹೆಚ್ಚುವುದರಿಂದ ಯಕೃತ್ತು ಬಿಗಿಯುತ್ತದೆ, ಅಂಕಿ ಏರುತ್ತದೆ. ಗಾಯದ ಕಲೆ ಅಷ್ಟೇ ಇದ್ದರೂ ಯಂತ್ರ ಹೆಚ್ಚು ತೋರಿಸುತ್ತದೆ. ಯಕೃತ್ತಿನ ಉರಿಯೂತ, ಪಿತ್ತದ ಹರಿವಿಗೆ ಅಡ್ಡಿ, ಹೃದಯದ ದೌರ್ಬಲ್ಯದಿಂದ ರಕ್ತ ಹಿಂದೆ ನಿಲ್ಲುವುದು, ಇವುಗಳಿಂದಲೂ ಹೀಗಾಗುತ್ತದೆ. ಎರಡು ವಾರದ ನಂತರ ಹೊಟ್ಟೆ ಖಾಲಿಯಿದ್ದಾಗ ಅದೇ ಹಳೆಯ ಕೋಣೆಯಲ್ಲಿ, ಎಕ್ಸ್‌ಎಲ್ ಪ್ರೋಬಿನಲ್ಲಿ ಮತ್ತೆ ಅಳೆದಾಗ ಬಂದದ್ದು 18.9, ಪ್ಲೇಟ್‌ಲೆಟ್ 1,54,000. ಆ ವರ್ಷವೂ ಎಂಡೋಸ್ಕೋಪಿ ಬೇಕಾಗಲಿಲ್ಲ. ಈ ಪರೀಕ್ಷೆಯನ್ನು ಮಾರುವ ಪ್ರತಿಯೊಂದು ಕೇಂದ್ರವೂ ವರದಿಯಲ್ಲಿ ನಾಲ್ಕು ಸಂಗತಿಗಳನ್ನು ಕಡ್ಡಾಯವಾಗಿ ಬರೆಯಬೇಕೆಂದು ನಾನು ಬಲವಾಗಿ ನಂಬುತ್ತೇನೆ: ಎಷ್ಟು ಗಂಟೆ ಉಪವಾಸವಿದ್ದರು, ಯಾವ ಪ್ರೋಬ್ ಬಳಸಿದರು, ಎಷ್ಟು ಅಳತೆಗಳು ಸರಿಯಾಗಿ ಸಿಕ್ಕವು, ಐಕ್ಯೂಆರ್ ಎಷ್ಟು. ಇವಿಲ್ಲದ ವರದಿಯನ್ನು ನಾವು ಈಗ ಸ್ವೀಕರಿಸುವುದೇ ಇಲ್ಲ.

2024ರ ಮಳೆಗಾಲದಲ್ಲಿ ಕರ್ನಾಟಕದಲ್ಲಿ ಡೆಂಗಿ ವ್ಯಾಪಕವಾಗಿತ್ತು, ತಂದೆಯವರಿಗೂ ಜುಲೈನಲ್ಲಿ ಬಂತು. ಪ್ಲೇಟ್‌ಲೆಟ್ 68,000ಕ್ಕೆ ಇಳಿಯಿತು. ಆ ಅಂಕಿಯನ್ನು ಸೂತ್ರಕ್ಕೆ ಹಾಕಬಾರದು, ಜ್ವರ ಬಿಟ್ಟು ಎರಡು ತಿಂಗಳು ಕಳೆಯಲಿ ಎಂದು ವೈದ್ಯರು ಹೇಳಿದ್ದರಿಂದ ಆ ವರ್ಷದ ಪರೀಕ್ಷೆ ಸೆಪ್ಟೆಂಬರಿಗೆ ಹೋಯಿತು. ಪ್ಲೇಟ್‌ಲೆಟ್ ಎಂಬುದು ನಮ್ಮ ಕಡೆ ಪ್ರತಿ ಮಳೆಗಾಲದಲ್ಲೂ ಬೇರೆ ಕಾರಣಕ್ಕೆ ಕುಸಿಯಬಲ್ಲ ಅಂಕಿ. ಕೆಲವೊಮ್ಮೆ ರಕ್ತ ತೆಗೆದ ಕೊಳವೆಯಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರ ಕಡಿಮೆ ಎಣಿಸುವುದೂ ಉಂಟು. ಸಂದೇಹ ಬಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಿ ಎಂದು ಕೇಳುವ ಹಕ್ಕು ನಮಗಿದೆ.

ಸೆಪ್ಟೆಂಬರಿನಲ್ಲಿ ಬಂದ ಅಂಕಿ 23.6, ಐಕ್ಯೂಆರ್ 17 ಶೇಕಡಾ, ಪ್ಲೇಟ್‌ಲೆಟ್ 1,21,000. ಈ ಬಾರಿ ಎರಡೂ ಗಡಿ ದಾಟಿದ್ದವು. ಇಲ್ಲಿಯೇ ಈ ಪರೀಕ್ಷೆಯ ಸ್ವಭಾವ ನನಗೆ ಸ್ಪಷ್ಟವಾದದ್ದು. ಅಂಕಿಗಳು ಗಡಿಯೊಳಗಿದ್ದಾಗ ಅದು ಗಟ್ಟಿಯಾಗಿ, ಭರವಸೆಯಿಂದ ಮಾತಾಡುತ್ತದೆ. ಗಡಿ ದಾಟಿದಾಗ ಅದರ ಮಾತು ಮೆತ್ತಗಾಗುತ್ತದೆ. 23.6 ಎಂದರೆ ಉಬ್ಬುನಾಳ ಇದ್ದೇ ಇದೆ ಎಂದು ಅರ್ಥವಲ್ಲ. ಇಲ್ಲವೆಂದು ಇನ್ನು ಹೇಳಲಾಗದು ಎಂದಷ್ಟೇ ಅರ್ಥ. ಗಡಿ ದಾಟಿ ಎಂಡೋಸ್ಕೋಪಿಗೆ ಹೋದವರಲ್ಲಿ ಬಹಳಷ್ಟು ಮಂದಿಗೆ ಚಿಕಿತ್ಸೆ ಬೇಕಾಗುವಂಥದ್ದು ಏನೂ ಸಿಗುವುದಿಲ್ಲ. 2015ರ ಸೂತ್ರದಿಂದ ಸುಮಾರು ಐದರಲ್ಲಿ ಒಂದು ಎಂಡೋಸ್ಕೋಪಿ ಮಾತ್ರ ತಪ್ಪುತ್ತದೆ. ಇದನ್ನು ಹೆಚ್ಚಿಸಲು 2017ರಲ್ಲಿ ಗಡಿಯನ್ನು 25 ಕಿಲೋಪಾಸ್ಕಲ್ ಮತ್ತು 1,10,000 ಪ್ಲೇಟ್‌ಲೆಟ್‌ಗೆ ಸಡಿಲಿಸಿದ ಸೂತ್ರವೂ ಬಂದಿದೆ. ಅದರಿಂದ ಉಳಿತಾಯ ಸುಮಾರು ದುಪ್ಪಟ್ಟಾಗುತ್ತದೆ, ಆದರೆ ಕಣ್ತಪ್ಪುವ ಅಪಾಯವೂ ಸ್ವಲ್ಪ ಏರುತ್ತದೆ. ಆ ಸಡಿಲ ಸೂತ್ರದ ಪ್ರಕಾರ ತಂದೆಯವರು ಇನ್ನೊಂದು ವರ್ಷ ಕಾಯಬಹುದಿತ್ತು. ವೈದ್ಯರು ಕಾಯಲು ಒಪ್ಪಲಿಲ್ಲ. ಒಂದೇ ವರ್ಷದಲ್ಲಿ ಗಡುಸುತನ ಏರಿದ್ದು, ಪ್ಲೇಟ್‌ಲೆಟ್ ಇಳಿದದ್ದು, ಎರಡೂ ಒಟ್ಟಿಗೆ ಒಂದೇ ದಿಕ್ಕಿಗೆ ಹೋದದ್ದು ಅವರಿಗೆ ಯಾವುದೇ ಒಂದು ಅಂಕಿಗಿಂತ ಮುಖ್ಯವಾಗಿ ಕಂಡಿತು. ಅವರ ಆ ತೀರ್ಮಾನಕ್ಕೆ ನಾನು ಋಣಿ.

ಅಕ್ಟೋಬರಿನಲ್ಲಿ ಎಂಡೋಸ್ಕೋಪಿಯಾಯಿತು. ಸಣ್ಣ ಉಬ್ಬುನಾಳಗಳು ಇದ್ದವು; ಒಡೆಯುವ ಸೂಚನೆ ಕೊಡುವ ಕೆಂಪು ಗೆರೆಗಳಿರಲಿಲ್ಲ. ಅವುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುವ ಅಗತ್ಯವಿರಲಿಲ್ಲ, ಪೋರ್ಟಲ್ ಒತ್ತಡವನ್ನು ತಗ್ಗಿಸುವ, ಬೀಟಾ ಬ್ಲಾಕರ್ ಗುಂಪಿನ ಕಾರ್ವೆಡಿಲಾಲ್ ಮಾತ್ರೆಯನ್ನು 6.25 ಮಿಲಿಗ್ರಾಂನಿಂದ ಆರಂಭಿಸಿ, ರಕ್ತದೊತ್ತಡವನ್ನು ನೋಡಿಕೊಂಡು 12.5ಕ್ಕೆ ಏರಿಸಿದರು. ಈ ಮಾತ್ರೆಯ ಬಗೆಗಿನ ತಿಳಿವಳಿಕೆಯೂ ಇತ್ತೀಚೆಗೆ ಬದಲಾಗಿದೆ. ಸ್ಪೇನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರೆಡೆಸಿ ಎಂಬ ಅಧ್ಯಯನದಲ್ಲಿ, ಪೋರ್ಟಲ್ ಒತ್ತಡ ಏರಿದ್ದರೂ ಇನ್ನೂ ತೊಂದರೆ ಕಾಣಿಸಿಕೊಳ್ಳದವರಿಗೆ ಈ ಗುಂಪಿನ ಮಾತ್ರೆ ಕೊಟ್ಟಾಗ, ಹೊಟ್ಟೆಯಲ್ಲಿ ನೀರು ತುಂಬುವಂಥ ತೊಡಕುಗಳು ಅಥವಾ ಸಾವು ಉಂಟಾದದ್ದು ನೂರಕ್ಕೆ 16 ಮಂದಿಗೆ. ಮಾತ್ರೆಯಿಲ್ಲದವರಲ್ಲಿ 27 ಮಂದಿಗೆ. ಹಾಗಾಗಿ 2021ರ ಬವೇನೋ ಸಮಾವೇಶದ ನಂತರ ಉಬ್ಬುನಾಳ ಇದೆಯೇ ಎಂಬ ಪ್ರಶ್ನೆಗಿಂತ ಒತ್ತಡ ಏರಿದೆಯೇ ಎಂಬ ಪ್ರಶ್ನೆ ಮುಂದೆ ಬಂದಿದೆ. ಗಡುಸುತನ 15 ಅಥವಾ ಅದಕ್ಕಿಂತ ಕಡಿಮೆಯಿದ್ದು ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಅಥವಾ ಹೆಚ್ಚಿದ್ದರೆ ಅಪಾಯಕಾರಿ ಒತ್ತಡವಿಲ್ಲ. 25 ಅಥವಾ ಹೆಚ್ಚಿದ್ದರೆ ಇದೆ. 20ರಿಂದ 25ರ ನಡುವೆ ಇದ್ದು ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆಯಿದ್ದರೆ ಇರುವ ಸಾಧ್ಯತೆ ನೂರಕ್ಕೆ ಅರವತ್ತಾದರೂ ಇದೆ ಎಂದು ಅಲ್ಲಿ ಹೇಳಲಾಗಿದೆ. ಒಂದು ಎಚ್ಚರಿಕೆಯ ಮಾತೂ ಇದೆ: ಕೊಬ್ಬಿನಿಂದ ಸಿರೋಸಿಸ್ ಬಂದ ದಪ್ಪ ಮೈಯವರಲ್ಲಿ 25ರ ಗಡಿ ಅಷ್ಟು ನಂಬಿಕೆಗೆ ಅರ್ಹವಲ್ಲ, ಅವರ ದೇಹತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆಯೂ ಬೊಜ್ಜೂ ಹೆಚ್ಚಾಗಿರುವ ನಮ್ಮ ಊರುಗಳಲ್ಲಿ ಈ ಮಾತನ್ನು ಪ್ರತಿ ವರದಿಯ ಕೆಳಗೂ ಅಚ್ಚು ಹಾಕಿಸಬೇಕು.

ಫೈಬ್ರೋಸ್ಕ್ಯಾನ್ ಯಾರಿಗೆ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಸಾಮಾನ್ಯ ಪ್ರೋಬಿನ ಅಲೆ ಆ ನೀರನ್ನು ದಾಟುವುದಿಲ್ಲ, ಅಳತೆ ಸಿಗುವುದಿಲ್ಲ. ಅಂಥವರಿಂದ ಹಣ ಕಟ್ಟಿಸಿಕೊಂಡು ಆಮೇಲೆ ಆಗಲಿಲ್ಲವೆಂದು ಕಳಿಸುವುದನ್ನು ನಾನು ಆ ಶಿಬಿರದಲ್ಲಿ ಕಣ್ಣಾರೆ ಕಂಡಿದ್ದೇನೆ, ಅದು ನ್ಯಾಯವಲ್ಲ. ಒಮ್ಮೆ ರಕ್ತ ವಾಂತಿಯಾದವರು, ಮಲ ಡಾಂಬರಿನಂತೆ ಕಪ್ಪಾಗಿ ಹೋಗುತ್ತಿರುವವರು ಈ ಪರೀಕ್ಷೆಯ ಕಡೆ ತಿರುಗಿಯೂ ನೋಡದೆ ನೇರವಾಗಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಭಾರತದಲ್ಲಿ ಗಮನಿಸಲೇಬೇಕಾದ ಇನ್ನೊಂದು ಗುಂಪಿದೆ. ಸಿರೋಸಿಸ್ ಇಲ್ಲದೆಯೇ ಪೋರ್ಟಲ್ ನಾಳ ಮುಚ್ಚಿಕೊಂಡು ಅಥವಾ ಅದರ ಸಣ್ಣ ಕವಲುಗಳು ಕುಗ್ಗಿ ಒತ್ತಡ ಏರುವವರು ನಮ್ಮಲ್ಲಿ, ಅದರಲ್ಲೂ ಮಕ್ಕಳು ಮತ್ತು ಯುವಜನರಲ್ಲಿ, ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು. ಅವರ ಯಕೃತ್ತು ಮೆತ್ತಗೇ ಇರುತ್ತದೆ, ಆದರೆ ಉಬ್ಬುನಾಳಗಳು ದೊಡ್ಡದಾಗಿರುತ್ತವೆ. 7 ಅಥವಾ 8 ಕಿಲೋಪಾಸ್ಕಲ್ ಎಂಬ ಅಂಕಿಯನ್ನು ಹಿಡಿದು ನಿಶ್ಚಿಂತರಾದರೆ ಅವರ ಜೀವಕ್ಕೇ ಅಪಾಯ.

ಗುಲ್ಮದ ಗಡುಸುತನವನ್ನು ಅಳೆಯುವ ಹೊಸ ಯಂತ್ರಗಳೂ ಬಂದಿವೆ. ಪೋರ್ಟಲ್ ಒತ್ತಡ ಗುಲ್ಮದ ಮೇಲೆ ನೇರವಾಗಿ ಬೀಳುವುದರಿಂದ, ಯಕೃತ್ತಿನ ಅಂಕಿ ನಡುವಿನಲ್ಲಿ ಸಿಕ್ಕಿಕೊಂಡವರಿಗೆ ಅದು ಸಹಾಯ ಮಾಡಬಲ್ಲದು. ಬೀಟಾ ಬ್ಲಾಕರ್ ಮಾತ್ರೆಗಳನ್ನು ತೆಗೆದುಕೊಳ್ಳಲಾಗದವರಲ್ಲಿ ಗುಲ್ಮದ ಅಂಕಿ 40 ಅಥವಾ ಕಡಿಮೆಯಿದ್ದರೆ ಎಂಡೋಸ್ಕೋಪಿ ಬಿಡಬಹುದೆಂದು 2021ರ ಸಮಾವೇಶ ಹೇಳಿದೆ. ನಾವು ವಿಚಾರಿಸಿದ ಕಡೆಗಳಲ್ಲೆಲ್ಲ ಯಂತ್ರವಿತ್ತು, ಆದರೆ ಗುಲ್ಮಕ್ಕೆ ಬೇಕಾದ ಸೌಲಭ್ಯ ಅದರಲ್ಲಿರಲಿಲ್ಲ.

ಯಂತ್ರವೇ ಇಲ್ಲದ ಊರುಗಳಲ್ಲಿರುವವರು ಕೈಕಟ್ಟಿ ಕೂರಬೇಕಾಗಿಲ್ಲ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಗುಲ್ಮದ ಉದ್ದದ ಮಿಲಿಮೀಟರ್‌ನಿಂದ ಭಾಗಿಸುವ ಒಂದು ಲೆಕ್ಕ 2003ರಿಂದ ಬಳಕೆಯಲ್ಲಿದೆ. ಇಟಲಿಯ ವೈದ್ಯರು ಕಂಡುಕೊಂಡ ಅದರ ಗಡಿ 909. ಅದಕ್ಕಿಂತ ಕಡಿಮೆ ಬಂದರೆ ಉಬ್ಬುನಾಳಗಳ ಸಂದೇಹ ಹೆಚ್ಚು. ತಂದೆಯವರ ಹಳೆಯ ಕಾಗದಗಳನ್ನು ತೆಗೆದು ನಾನೇ ಲೆಕ್ಕ ಹಾಕಿದೆ: 2022ರಲ್ಲಿ ಗುಲ್ಮ 148 ಮಿಲಿಮೀಟರ್ ಇದ್ದಾಗ 1,095, 2024ರಲ್ಲಿ 156 ಇದ್ದಾಗ 776. ಒಂದು ಸಾಧಾರಣ ಅಲ್ಟ್ರಾಸೌಂಡ್ ಮತ್ತು ಒಂದು ರಕ್ತಪರೀಕ್ಷೆ ಹೇಳಿದ ಕಥೆಯೂ ಅದೇ ಆಗಿತ್ತು. ಗುಲ್ಮದ ಉದ್ದ ಅಳೆಯುವವರ ಕೈಯಿಂದ ಕೈಗೆ ಬದಲಾಗುವುದರಿಂದ ಈ ಲೆಕ್ಕ ಫೈಬ್ರೋಸ್ಕ್ಯಾನಿನಷ್ಟು ಗಟ್ಟಿಯಲ್ಲ, ಆದರೆ ತಾಲ್ಲೂಕು ಕೇಂದ್ರದಲ್ಲಿರುವ ವೈದ್ಯರಿಗೆ ಯಾರನ್ನು ಮೊದಲು ಮೈಸೂರಿಗೋ ಬೆಂಗಳೂರಿಗೋ ಕಳಿಸಬೇಕೆಂದು ನಿರ್ಧರಿಸಲು ಸಾಕು. ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಬಳಸುವ, ರಕ್ತಪರೀಕ್ಷೆಯ ಅಂಕಿಗಳನ್ನು ಆಧರಿಸಿದ ಎಪಿಆರ್‌ಐ ಮತ್ತು ಫಿಬ್-4 ಎಂಬ ಲೆಕ್ಕಗಳು ಸಿರೋಸಿಸ್ ಇದೆಯೇ ಎಂದು ಅಂದಾಜಿಸುವುದಕ್ಕೆ ಒಳ್ಳೆಯವು; ಉಬ್ಬುನಾಳಗಳ ವಿಷಯದಲ್ಲಿ ಅವನ್ನೇ ನೆಚ್ಚಿಕೊಳ್ಳುವಂತಿಲ್ಲ.

ಹಣದ ಮಾತು: ಆಸ್ಪತ್ರೆಯಲ್ಲಿ ಪ್ರತಿ ಬಾರಿ ನಾವು ಕೊಟ್ಟದ್ದು ಎಂಡೋಸ್ಕೋಪಿಗೆ ಕೊಟ್ಟಷ್ಟೇ ಹೆಚ್ಚುಕಡಿಮೆ. ಆದ್ದರಿಂದ ಹಣ ಉಳಿಯುತ್ತದೆಂದು ಯಾರೂ ಇದನ್ನು ಆರಿಸಿಕೊಳ್ಳಬಾರದು. ಸಿರೋಸಿಸ್ ಹೊಸದಾಗಿ ಪತ್ತೆಯಾದ, ಇನ್ನೂ ಯಾವ ತೊಡಕೂ ಕಾಣಿಸಿಕೊಳ್ಳದ, ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಆಸುಪಾಸಿನಲ್ಲಿರುವ ರೋಗಿಗೆ ಇದು ಕೊಟ್ಟ ಹಣಕ್ಕೆ ತಕ್ಕ ಪರೀಕ್ಷೆ. ಪ್ಲೇಟ್‌ಲೆಟ್ ಆಗಲೇ ಎಂಬತ್ತು ಸಾವಿರಕ್ಕೆ ಇಳಿದಿದ್ದರೆ, ಯಂತ್ರ ಯಾವ ಅಂಕಿ ತೋರಿಸಿದರೂ 2015ರ ಸೂತ್ರ ಅಂಥವರಿಗೆ ಎಂಡೋಸ್ಕೋಪಿಯಿಂದ ವಿನಾಯಿತಿ ಕೊಡುವುದಿಲ್ಲ. ಅವರು ಮೊದಲು ಯಕೃತ್ ತಜ್ಞರನ್ನು ಕಂಡು, ಈ ಪರೀಕ್ಷೆಯಿಂದ ನಮ್ಮ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ ಮುಂದುವರಿಯುವುದು ಒಳ್ಳೆಯದು.

2025ರಲ್ಲಿ ನಾವೂ ಅದನ್ನೇ ಕೇಳಿದೆವು. ತಂದೆಯವರಿಗೆ ಉಬ್ಬುನಾಳಗಳಿರುವುದು ಈಗ ಗೊತ್ತಿದೆ, ಮಾತ್ರೆ ಅವರ ಮೈಗೆ ಒಗ್ಗಿದೆ, ನಾಡಿ ಮತ್ತು ರಕ್ತದೊತ್ತಡ ಹಿಡಿತದಲ್ಲಿವೆ; ಗಡುಸುತನದ ಅಂಕಿ ಏರಿದರೂ ಇಳಿದರೂ ಅದೇ ಮಾತ್ರೆ ಮುಂದುವರಿಯುತ್ತದೆ ಎಂದು ವೈದ್ಯರು ತಿಳಿಸಿದರು. ಯಕೃತ್ತಿನ ಗೆಡ್ಡೆಗಾಗಿ ಆರು ತಿಂಗಳಿಗೊಮ್ಮೆ ಮಾಡುವ ಅಲ್ಟ್ರಾಸೌಂಡನ್ನು ಮಾತ್ರ ತಪ್ಪಿಸಬೇಡಿ ಎಂದರು. ಆ ವರ್ಷ ನಾವು ಫೈಬ್ರೋಸ್ಕ್ಯಾನ್ ಮಾಡಿಸಲಿಲ್ಲ.